ಕಿವಿಗೂ ಒಂದು ಗಡುವಿದೆ

(ಜೀಡಿಮೆಟ್ಲಾದಲ್ಲಿ ಸೇರಿದ್ದ ಕನ್ನಡ ಹೋಟೆಲ್ ಮತ್ತು ಕಾರ್ಖಾನೆ ಕಾರ್ಮಿಕರ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು ಕೇಳಲು ಬಂದವರೇ ಇಲ್ಲಿ ಹೆಚ್ಚೆಂಬುದು ನಮಗೆ ಗೊತ್ತಿದೆ. ಅದನ್ನು ಕಾರ್ಯದರ್ಶಿಗಳು ನಮ್ಮ ನಂತರ ಹೇಳುತ್ತಾರೆ. ಅದಕ್ಕೆ ಮುಂಚೆ ಅರ್ಧ ಗಂಟೆ ಕಿವಿಯ ವಿಷಯ ಮಾತಾಡಬೇಕೆಂದು ಸಮಿತಿಯವರು ನಮಗೆ ಒಪ್ಪಿಸಿದ್ದಾರೆ. ನಗುವವರು ನಗಿ. ಬೋನಸ್ಸು ಎಷ್ಟೆಂದು ಕೇಳಿಸಿಕೊಳ್ಳುವುದಕ್ಕೂ ಕಿವಿಯೇ ಬೇಕಷ್ಟೆ!

ನಾವು ವೈದ್ಯರಲ್ಲ. ಮಿಡ್ಲ್ ಸ್ಕೂಲು ಮುಗಿಸಿ ಹೋಟೆಲು ಸೇರಿದವರು. ಆದರೆ ನಮ್ಮವರನ್ನು ಕೋಠಿಯ ಕಿವಿ-ಮೂಗು-ಗಂಟಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೋಗಿ, ಚೀಟಿ ಹಿಡಿದು ಸರದಿಯಲ್ಲಿ ನಿಂತು, ಡಾಕ್ಟರುಗಳನ್ನು ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡಿದ್ದೇವೆ. ಅದನ್ನು ನಮ್ಮ ಭಾಷೆಯಲ್ಲಿ ನಿಮ್ಮ ಮುಂದೆ ಇಡುತ್ತೇವೆ.

ಹೇಳತಕ್ಕ ಮಾತು ಇಷ್ಟೆ. ಜ್ವರ, ನೆಗಡಿ, ಗದ್ದಬಾವು, ಸರ್ಪಸುತ್ತು ಇಂಥದೊಂದು ಬಂದಾಗಲೋ, ಬಂದುಹೋದ ಮೇಲೋ, ಅಥವಾ ಯಾವ ಕಾರಣವೂ ಕಾಣದೆಯೋ, ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ ಅದನ್ನು ಗುಗ್ಗೆ ಎಂದುಕೊಂಡು ಎಣ್ಣೆ ಬಿಟ್ಟು ಕೂರಬೇಡಿ. ಅದೇ ದಿನ, ತಪ್ಪಿದರೆ ಮರುದಿನ, ಕಿವಿಯ ಡಾಕ್ಟರ ಹತ್ತಿರ ಹೋಗಿ. ಏಕೆ ಹೀಗೆ ಅವಸರ ಮಾಡಬೇಕೆಂಬುದನ್ನು ಈಗ ವಿವರಿಸುತ್ತೇವೆ.

ಕಿವಿಯನ್ನು ಒಂದು ಹೋಟೆಲೆಂದು ತಿಳಿಯಿರಿ. ಹೊರಗೆ ಕಾಣುವ ಕಿವಿ, ಅದರ ತೂತು, ಇದು ಗಿರಾಕಿ ಬಂದು ಕೂರುವ ಹಾಲು. ಅದರ ಕೊನೆಯಲ್ಲಿ ತೆಳ್ಳನೆಯ ಪರದೆಯೊಂದಿದೆ, ಅದೇ ಕಿವಿಯ ತಮಟೆ. ತಮಟೆಯ ಹಿಂದೆ ನಡುಗಿವಿ. ಅಲ್ಲಿ ಮೂರು ಎಲುಬು: ಸುತ್ತಿಗೆಯಂಥದೊಂದು, ಅಡಿಗಲ್ಲಿನಂಥದೊಂದು, ಕುದುರೆಯ ರಿಕಾಪಿನಂಥದೊಂದು. ಟೇಬಲಿನ ಆರ್ಡರನ್ನು ಒಬ್ಬನಿಂದ ಒಬ್ಬನಿಗೆ ಕೂಗಿ ದಾಟಿಸುವ ಮೂವರು ಸಪ್ಲೈಯರ್ ಹುಡುಗರಂತೆ ಇವು ಸದ್ದನ್ನು ಒಳಕ್ಕೆ ದಾಟಿಸುತ್ತವೆ. ರಿಕಾಪಿನ ಎಲುಬು ಸುಮಾರು 3 ಮಿಲಿಮೀಟರು. ಮನುಷ್ಯನ ಮೈಯಲ್ಲಿ ಅದಕ್ಕಿಂತ ಸಣ್ಣ ಎಲುಬಿಲ್ಲ.

ಅದರಾಚೆ ಒಳಗಿವಿ. ಇದು ಅಡಿಗೆಮನೆ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಕೊಳವೆ, ಗಟ್ಟಿ ಎಲುಬಿನೊಳಗೆ ಹುದುಗಿದೆ. ಬಿಚ್ಚಿ ನೀಳವಾಗಿ ಹಾಸಿದರೆ ಸುಮಾರು 35 ಮಿಲಿಮೀಟರು, ನಮ್ಮ ಹೆಬ್ಬೆರಳಿನ ತುದಿಗಿಂತ ಸ್ವಲ್ಪ ಉದ್ದ. ಅದರ ತುಂಬ ನೀರಿನಂಥ ರಸ. ಆ ರಸದಲ್ಲಿ ಸಾಲಾಗಿ ನಿಂತಿರುವ ಕೂದಲುಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸದ್ದು ಬಂದಾಗ ಗಾಳಿಗೆ ಜೋಳದ ಹೊಲ ಬಾಗಿದಂತೆ ಇವು ಬಾಗುತ್ತವೆ. ಆ ಬಾಗುವಿಕೆಯೇ ನರದ ಮೂಲಕ ಮಿದುಳಿಗೆ ಸುದ್ದಿಯಾಗಿ ಹೋಗುತ್ತದೆ.

ಹಾಲಿನಲ್ಲಿ ಗುಗ್ಗೆ ಕಟ್ಟಿದರೆ ತೆಗೆಯಬಹುದು. ತಮಟೆ ತೂತಾದರೆ ತೇಪೆ ಹಾಕುವ ಆಪರೇಷನ್ ಇದೆ. ನಡುಗಿವಿಯಲ್ಲಿ ಕೀವು ತುಂಬಿದರೂ ಔಷಧಿಯುಂಟು. ಆದರೆ ಅಡಿಗೆಮನೆಯ ಆ ಹೊಲ ಒಮ್ಮೆ ಒಣಗಿತೆಂದರೆ ಮನುಷ್ಯನಲ್ಲಿ ಅದು ಮತ್ತೆ ಚಿಗುರುವುದಿಲ್ಲ. ಕೋಳಿಗೆ ಚಿಗುರುತ್ತದೆಂದು ವಿಜ್ಞಾನಿಗಳು 1980ರ ದಶಕದಲ್ಲಿ ಕಂಡುಹಿಡಿದರು. ದಿನಕ್ಕೆ ಎಷ್ಟೋ ಕೋಳಿ ಕೊಯ್ಯುವ ಮಿಲಿಟರಿ ಹೋಟೆಲಿನ ನಮ್ಮ ಗೆಳೆಯರು ಇದನ್ನು ಕೇಳಿ ಬೆರಗಾಗಬಹುದು. ಕೋಳಿಗಿರುವ ಭಾಗ್ಯ ಕೊಯ್ಯುವವನಿಗಿಲ್ಲ.

ಇನ್ನೊಂದು ಸಂಗತಿ. ಒಳಗಿವಿಗೆ ರಕ್ತ ಒದಗಿಸುವ ನಾಳ ಒಂದೇ. ನಮ್ಮ ಬಸ್ತಿಯ ಹತ್ತು ಮನೆಗೆ ಒಂದೇ ನಲ್ಲಿಯಿದ್ದ ಹಾಗೆ. ಆ ನಲ್ಲಿ ನಿಂತರೆ ಪಕ್ಕದಿಂದ ತರುವ ದಾರಿಯಿಲ್ಲ. ಆದ್ದರಿಂದಲೇ ಅಲ್ಲಿ ಊತವೋ ಅಡಚಣೆಯೋ ಬಂದರೆ ಹಾನಿ ಬೇಗ ಆಗುತ್ತದೆ.

ಇಷ್ಟು ಭದ್ರವಾಗಿ ಎಲುಬಿನೊಳಗೆ ಇಟ್ಟಿರುವ ಅಡಿಗೆಮನೆಗೆ ವೈರಸ್ಸು ಹೇಗೆ ನುಗ್ಗುತ್ತದೆ? ಬಾಗಿಲು ಒಂದಲ್ಲ. ಮೊದಲನೆಯದು ರಕ್ತ. ದಡಾರ, ಗದ್ದಬಾವು ಮುಂತಾದವು ಮೈಗೆ ಬಂದಾಗ ವೈರಸ್ಸು ರಕ್ತದಲ್ಲಿ ತಿರುಗುತ್ತದೆ. ಆ ಒಂದೇ ನಲ್ಲಿಯ ಮೂಲಕ ಒಳಗಿವಿಯ ರಸ ತಯಾರಾಗುವ ಜಾಗಕ್ಕೇ ಸೇರಬಲ್ಲದು. ಎರಡನೆಯದು ಮಿದುಳಿನ ನೀರು. ಮಿದುಳಿನ ಪೊರೆಗೆ ರೋಗ ತಗುಲಿದಾಗ, ಮಿದುಳನ್ನು ಸುತ್ತಿದ ನೀರಿಗೂ ಒಳಗಿವಿಗೂ ಇರುವ ಸಣ್ಣ ಕಾಲುವೆಯಿಂದಲೋ ನರದ ದಾರಿಯಿಂದಲೋ ಸೋಂಕು ದಾಟುತ್ತದೆ. ಮೂರನೆಯದು ನರವೇ. ಕೆಲವು ವೈರಸ್ಸುಗಳು ನರದ ಗಂಟಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ಮೈ ಸೋತಾಗ ಏಳುತ್ತವೆ. ಕೊನೆಯದು ನಡುಗಿವಿಯ ಕಡೆಯ ಕಿಟಕಿ. ಅಲ್ಲಿ ಒಂದು ತೆಳುಪೊರೆ ಮಾತ್ರ ಅಡ್ಡವಿದೆ, ನಡುಗಿವಿಯ ಉರಿಯೂತ ಅದನ್ನು ದಾಟಿದ್ದುಂಟು. ಹೋಟೆಲಿನಲ್ಲೂ ಅಷ್ಟೆ. ಮುಂಬಾಗಿಲಿಗೆ ಎಷ್ಟು ಬೀಗ ಹಾಕಿದರೂ ಇಲಿ ಬರುವುದು ಮೋರಿಯಿಂದ.

ಈಗ ಒಂದೊಂದೇ ಕಾಯಿಲೆಗೆ ಬರೋಣ. ಎಲ್ಲವನ್ನೂ ಹೇಳುವುದಿಲ್ಲ, ನಮ್ಮನ್ನು ಮುಟ್ಟುವವನ್ನು ಮಾತ್ರ ಹೇಳುತ್ತೇವೆ.

ಮೊದಲು ಗದ್ದಬಾವು. ಕೆಲವರು ಮಂಗನಬಾವು ಎನ್ನುತ್ತಾರೆ. ಕರಾವಳಿ ಕಡೆಯವರು ಕೆಪ್ಪಟೆರಾಯ ಎನ್ನುತ್ತಾರೆ. ಇಲ್ಲಿಯ ತೆಲುಗಿನವರು ಗವದಬಿಳ್ಳಲು ಎನ್ನುತ್ತಾರೆ. ಕೆಪ್ಪ ಎಂದರೆ ಕಿವುಡ ಎಂದು ನಮಗೆಲ್ಲ ಗೊತ್ತು. ಆ ಹೆಸರು ಕೆನ್ನೆಯಿಂದ ಬಂತೋ ಕಿವುಡಿನಿಂದ ಬಂತೋ, ಪಂಡಿತರು ಚರ್ಚಿಸಲಿ. ಕಾಯಿಲೆಗಂತೂ ಕಿವುಡಿನ ನಂಟಿದೆ. ದವಡೆಯ ಗ್ರಂಥಿ ಊದಿ ಮುಖ ಬುಗುಟಾಗುವುದನ್ನು ಎಲ್ಲರೂ ನೋಡುತ್ತೇವೆ, ಮಕ್ಕಳ ಕಾಯಿಲೆಯೆಂದು ನಗುತ್ತೇವೆ. ಕೊರಳಿಗೆ ಚಿನ್ನದ ಸರ ಹಾಕು, ಊತಕ್ಕೆ ನೀಲಿ ಬಳಿ ಎಂದು ಹೇಳುವವರೂ ಇದ್ದಾರೆ. ಹಾಕಿದರೆ ನಷ್ಟವಿಲ್ಲ, ಸರವಿದ್ದವರು ಹಾಕಲಿ! ಆದರೆ ಆ ವೈರಸ್ಸು ಕೆಲವರಲ್ಲಿ ಒಳಗಿವಿಗೆ ಇಳಿಯುತ್ತದೆ. ಎಷ್ಟು ಜನರಲ್ಲಿ? ಹಿಂದೆ ಇಪ್ಪತ್ತು ಸಾವಿರಕ್ಕೊಬ್ಬರೆಂದು ಪುಸ್ತಕಗಳು ಹೇಳುತ್ತಿದ್ದವು. ಜಪಾನಿನ ಮಕ್ಕಳ ಡಾಕ್ಟರುಗಳು ಸುಮಾರು 7,400 ಮಕ್ಕಳನ್ನು ನಿಗಾ ಇಟ್ಟು ನೋಡಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಏಳು ಮಕ್ಕಳ ಕಿವಿ ಹೋಗಿತ್ತು, ಅಂದರೆ ಸಾವಿರಕ್ಕೆ ಸುಮಾರು ಒಂದು. ಹೆಚ್ಚಾಗಿ ಒಂದೇ ಕಿವಿ ಹೋಗುತ್ತದೆ, ಪೂರ್ತಿಯಾಗಿ ಹೋಗುತ್ತದೆ.

ಒಂದೇ ಕಿವಿ ಹೋದ ಮಗುವಿನ ಸಂಕಟ ಏನೆಂದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಮಗುವಿಗೇ ಗೊತ್ತಾಗುವುದಿಲ್ಲ. ಇನ್ನೊಂದು ಕಿವಿ ಕೇಳುತ್ತಿರುತ್ತದಲ್ಲ! ಮೇಷ್ಟ್ರು ಕರೆದಾಗ ತಿರುಗಿ ನೋಡಲಿಲ್ಲವೆಂದು ಪೆಟ್ಟು ತಿನ್ನುತ್ತದೆ, ದಡ್ಡನೆನ್ನಿಸಿಕೊಳ್ಳುತ್ತದೆ. ವರ್ಷಗಳ ಮೇಲೆ ಒಂದು ದಿನ ಫೋನನ್ನು ಇನ್ನೊಂದು ಕಿವಿಗೆ ಇಟ್ಟಾಗ ಸಂಗತಿ ಹೊರಬೀಳುತ್ತದೆ. ನಿಮ್ಮ ಮನೆಯಲ್ಲಿ ಗದ್ದಬಾವು ಬಂದುಹೋದ ಮಗುವಿದ್ದರೆ ಇಂದು ರಾತ್ರಿಯೇ ಎರಡು ಕಿವಿಗೂ ಬೇರೆಬೇರೆಯಾಗಿ ಫೋನು ಹಿಡಿದು ನೋಡಿ.

2024ರ ಆರಂಭದ ತಿಂಗಳುಗಳಲ್ಲಿ ಈ ಗದ್ದಬಾವು ದೇಶದಲ್ಲಿ ಜೋರಾಗಿ ಹಬ್ಬಿತ್ತು. ಕೇರಳದಲ್ಲಿ ಮಾರ್ಚಿ ತಿಂಗಳ ಒಂದೇ ದಿನ 190 ಪ್ರಕರಣಗಳು ದಾಖಲಾದವೆಂದು ಪತ್ರಿಕೆಗಳು ಬರೆದವು. ನಮ್ಮ ಕಾಸರಗೋಡಿನ ಕನ್ನಡಿಗರೂ ಆ ರಾಜ್ಯದವರೇ. ಹೈದರಾಬಾದಿನ ಡಾಕ್ಟರುಗಳೂ ಅದೇ ಕಾಲದಲ್ಲಿ ಎಚ್ಚರಿಕೆ ಕೊಟ್ಟಿದ್ದರು. ರಾಜಸ್ಥಾನದಿಂದ ಕಿವಿ ಕಳೆದುಕೊಂಡವರ ವರದಿಯೂ ಬಂದಿತ್ತು. ಆ ಬೇಸಿಗೆಯಲ್ಲಿ ನಮ್ಮವರಲ್ಲೇ ಒಬ್ಬ ಹುಡುಗನಿಗೆ ಆದದ್ದನ್ನು ಹೇಳುತ್ತೇವೆ. ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ.

ಕುಂದಾಪುರದ ಕಡೆಯವನು, ಇಪ್ಪತ್ತೆರಡರ ಪ್ರಾಯ, ಸಪ್ಲೈಯರ್. ಹೋಟೆಲಿನ ಅಟ್ಟದ ಮೇಲೆ ಎಂಟು ಜನ ಒತ್ತಾಗಿ ಮಲಗುವ ಕೋಣೆ. ಮೊದಲು ಕ್ಲೀನರ್ ಹುಡುಗನಿಗೆ ಗದ್ದ ಊದಿತು. ರಜೆ ಹಾಕಿದರೆ ಆ ದಿನದ ಸಂಬಳ ಕಟ್ಟು, ಆದ್ದರಿಂದ ಅವನು ಮುಖಕ್ಕೆ ಟವಲು ಸುತ್ತಿಕೊಂಡು ಕೆಲಸಕ್ಕೆ ಬಂದ. ಎರಡು ಮೂರು ವಾರದಲ್ಲಿ ಮತ್ತಿಬ್ಬರಿಗೆ ಬಂತು. ಈ ಹುಡುಗನಿಗೆ ಊತ ಇಳಿಯುತ್ತ ಬಂದ ಒಂದು ಬೆಳಿಗ್ಗೆ ಏಳುವಾಗ ತಲೆ ಗಿರ್ರೆಂದು ತಿರುಗಿತು, ಬಲಗಿವಿಯಲ್ಲಿ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಕೇಳದಾಯಿತು. ಗೋಡೆ ಹಿಡಿದು ನಡೆದ. ಕೈಯಿಂದ ಎರಡು ಲೋಟ ಬಿದ್ದವು. ಮಾಲೀಕರು, “ಬೆಳಿಗ್ಗೆಯೇ ಕುಡಿದು ಬಂದಿದ್ದೀಯೇನೋ” ಎಂದರು. ಬಲಗಡೆಯ ಟೇಬಲಿನವರು ಕೂಗಿದ್ದು ಕೇಳದೆ ಆರ್ಡರು ತಪ್ಪತೊಡಗಿತು. ತಪ್ಪಿದ ಪ್ರತಿ ಪ್ಲೇಟಿನ ದುಡ್ಡು ಅವನ ಸಂಬಳದಲ್ಲಿ ಹಿಡಿದರು. ವಾರದೊಳಗೆ ಟೇಬಲು ಬಿಡಿಸಿ ಪಾತ್ರೆ ತೊಳೆಯಲು ಹಾಕಿದರು.

ಅವನು ಸುಮ್ಮನೆ ಕೂರಲಿಲ್ಲ, ಪಾಪ. ಭಟ್ಟರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಮೆಡಿಕಲ್ ಅಂಗಡಿಯವನು ಆಂಟಿಬಯೋಟಿಕ್ ಮಾತ್ರೆ ಕೊಟ್ಟ. ಅದು ಬ್ಯಾಕ್ಟೀರಿಯಾಕ್ಕೆ ನಾಟುವ ಔಷಧಿ, ವೈರಸ್ಸಿಗೆ ಏನೂ ಮಾಡುವುದಿಲ್ಲ. ಗಲ್ಲಿಯ ಆರ್.ಎಂ.ಪಿ.ಯವರು ಎರಡು ಇಂಜೆಕ್ಷನ್ ಚುಚ್ಚಿದರು. ರಸ್ತೆಯ ಬದಿಯಲ್ಲಿ ಕಿವಿ ಶುದ್ಧ ಮಾಡುವವನು ಕಡ್ಡಿ ಹಾಕಿ, ಅಂಗೈ ಮೇಲೆ ಏನೋ ಕರಿಯದನ್ನು ಇಟ್ಟು ತೋರಿಸಿ ದುಡ್ಡು ತೆಗೆದುಕೊಂಡ. ಸಂಘಕ್ಕೆ ಸುದ್ದಿ ತಲುಪಿ ನಾವು ಅವನನ್ನು ಕಿವಿಯ ಡಾಕ್ಟರಲ್ಲಿಗೆ ಕರೆದೊಯ್ಯುವಾಗ ನಲವತ್ತು ದಿನ ಆಗಿಹೋಗಿತ್ತು. ಸದ್ದು ಹೊರಗೆ ಹೋಗದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಕಾಗದದ ಮೇಲೆ ಎಡಗಿವಿಯ ಗೆರೆ ಮೇಲೆ ಇತ್ತು, ಬಲಗಿವಿಯದು ತಳಕ್ಕೆ ಬಿದ್ದಿತ್ತು. ಡಾಕ್ಟರು ಮೃದುವಾಗಿ ಹೇಳಿದರು: “ಮೊದಲ ದಿನಗಳಲ್ಲಿ ಬಂದಿದ್ದರೆ ಪ್ರಯತ್ನ ಮಾಡುತ್ತಿದ್ದೆವು. ಆದರೆ ನಿಜ ಹೇಳಬೇಕೆಂದರೆ ಗದ್ದಬಾವಿನಲ್ಲಿ ಹೋದ ಕಿವಿ ತಿರುಗಿ ಬರುವುದು ಅಪರೂಪ.” ಹುಡುಗ ಹೊರಗೆ ಬಂದು ನಮ್ಮನ್ನು ಕೇಳಿದ್ದು ಒಂದೇ ಮಾತು: “ಅಣ್ಣಾ, ಟೇಬಲ್ ವಾಪಸ್ ಕೊಡ್ತಾರಾ?”

ಟೇಬಲು ಕೊಡಿಸಲಿಲ್ಲ, ಬೇರೆ ಹೋಟೆಲಿನಲ್ಲಿ ಗಲ್ಲಾದ ಪಕ್ಕದ ಪಾರ್ಸೆಲ್ ಕೌಂಟರ್ ಕೊಡಿಸಿದೆವು. ಬಲಗಡೆಗೆ ಗೋಡೆ, ಎಡಗಡೆಗೆ ಗಿರಾಕಿ. ಗೋಡೆಗೆ ಕಿವುಡಾದರೇನು ನಷ್ಟ? ಈಗ ಕೆಲಸ ಚೆನ್ನಾಗಿ ನಡೆಯುತ್ತಿದೆ. ಒಂದು ಕಿವಿಯವರಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಜೀಡಿಮೆಟ್ಲಾದ ಕಾರ್ಖಾನೆಗಳ ಒಳರಸ್ತೆಯಲ್ಲಿ ಲಾರಿ ಹಿಂದಕ್ಕೆ ಬರುವಾಗ, ಫೋರ್ಕ್‌ಲಿಫ್ಟು ತಿರುಗುವಾಗ ಅದು ಜೀವದ ಪ್ರಶ್ನೆ. ಅಂಥವರನ್ನು ಅಂಥ ಜಾಗದಿಂದ ಬದಲಾಯಿಸಿ ಎಂದು ಕೇಳುವುದು ದಯೆ ಬೇಡಿದಂತಲ್ಲ. ಸರ್ಕಾರದ ಅಂಗವಿಕಲ ಸರ್ಟಿಫಿಕೇಟು ಇವರಿಗೆ ಸಾಮಾನ್ಯವಾಗಿ ದಕ್ಕುವುದಿಲ್ಲ, ಏಕೆಂದರೆ 2016ರ ಕಾಯಿದೆ ಎರಡು ಕಿವಿಯ ನಷ್ಟವನ್ನೇ ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಇವರ ಪರವಾಗಿ ಮಾತಾಡಬೇಕಾದದ್ದು ಸಂಘವೇ.

ಎರಡನೆಯದು ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಮಲಗಿದ್ದು ದೊಡ್ಡವರಾದ ಮೇಲೆ ಏಳುವುದು. ಸೊಂಟಕ್ಕೆ, ಎದೆಗೆ ಬಂದದ್ದನ್ನು ನೋಡಿದ್ದೀರಿ. ಕಿವಿಯ ಹತ್ತಿರ ಬಂದರೆ ಅದರ ರೀತಿಯೇ ಬೇರೆ. ಕಿವಿಯೊಳಗೆ ಅಸಾಧ್ಯ ನೋವು, ಕಿವಿಯ ಮೇಲೆ ನೀರುಗುಳ್ಳೆ, ಅದೇ ಕಡೆಯ ಮುಖ ಸೊಟ್ಟಾಗುವುದು, ಕಣ್ಣು ಮುಚ್ಚಲಾಗದಿರುವುದು, ಕಿವಿ ಮಂದವಾಗುವುದು, ತಲೆ ತಿರುಗುವುದು. ಅಮೆರಿಕದ ರ್‍ಯಾಮ್ಸೇ ಹಂಟ್ ಎಂಬ ವೈದ್ಯ 1907ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಕಾಯಿಲೆಗೆ ನಿಂತಿದೆ. ಕೆನಡಾದ ಹಾಡುಗಾರ ಜಸ್ಟಿನ್ ಬೀಬರ್ ಅವರಿಗೆ 2022ರಲ್ಲಿ ಇದು ಬಂದು ಮುಖದ ಅರ್ಧಭಾಗ ಅಲ್ಲಾಡದೆ ಹೋಗಿತ್ತು. ನಮ್ಮಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಿಕೊಳ್ಳಲು ಹೋಗುವ ಪದ್ಧತಿಯಿದೆ. ಹೆಡೆ ಬಾಲ ಕೂಡಿದರೆ ಸಾವು ಎಂಬ ಹೆದರಿಕೆಯೂ ಇದೆ. ಹೆಡೆಯೂ ಇಲ್ಲ, ಬಾಲವೂ ಇಲ್ಲ. ಇದಕ್ಕೆ ವೈರಸ್ಸಿನ ಮೇಲೆಯೇ ಕೆಲಸ ಮಾಡುವ ಮಾತ್ರೆಯುಂಟು, ಮೊದಲ ಮೂರು ದಿನದೊಳಗೆ ಆರಂಭಿಸಿದರೆ ಒಳ್ಳೆಯದೆಂದು ಡಾಕ್ಟರುಗಳು ಹೇಳುತ್ತಾರೆ. ಮುಖ ಸೊಟ್ಟಾದವರನ್ನು ಗಾಳಿ ಬಡಿದಿದೆಯೆಂದು ಮನೆಯಲ್ಲಿ ಕೂರಿಸಬೇಡಿ.

ಇನ್ನು ಯಾವ ಗುರುತೂ ಇಲ್ಲದೆ ಬರುವ ಕಿವುಡಿನ ಮಾತು. ಹಿಂದಿ ಚಿತ್ರಗೀತೆಗಳ ಅಲ್ಕಾ ಯಾಗ್ನಿಕ್ ಅವರ ಕಂಠ ಕೇಳದವರು ನಮ್ಮಲ್ಲಿ ಯಾರಿದ್ದಾರೆ? 2024ರ ಜೂನಿನಲ್ಲಿ ಅವರೇ ತಿಳಿಸಿದರು: ವಿಮಾನದಿಂದ ಇಳಿದು ಬರುವಾಗ ಇದ್ದಕ್ಕಿದ್ದಂತೆ ಏನೂ ಕೇಳಿಸದಾಯಿತು, ವೈರಸ್ಸಿನ ದಾಳಿಯಿಂದ ಕಿವಿಯ ನರಕ್ಕೆ ಪೆಟ್ಟಾಗಿದೆಯೆಂದು ವೈದ್ಯರು ಹೇಳಿದ್ದಾರೆ ಎಂದು. ಲಕ್ಷಾಂತರ ಕಿವಿಗಳನ್ನು ತಣಿಸಿದವರ ಕಿವಿಗೇ ಹೀಗಾಯಿತು. ವೈದ್ಯರ ಲೆಕ್ಕದಲ್ಲಿ ಮೂರು ದಿನದೊಳಗೆ, ಅಂದರೆ 72 ಗಂಟೆಯೊಳಗೆ, ಹೀಗೆ ಇಳಿಯುವುದನ್ನು ಹಠಾತ್ ಕಿವುಡು ಎನ್ನುತ್ತಾರೆ. ಬಹಳ ಮಂದಿಯಲ್ಲಿ ಕಾರಣ ಖಚಿತವಾಗಿ ಸಿಕ್ಕುವುದಿಲ್ಲ. ವೈರಸ್ಸು ಎಂದು ಸಂಶಯ, ರಕ್ತ ನಿಂತದ್ದು ಎಂದು ಸಂಶಯ. ಕೋವಿಡ್ ಬಂದಾಗಲೂ ಇಂಥ ವರದಿಗಳು ಹಲವು ದೇಶಗಳಿಂದ ಬಂದವು. ಕಾರಣ ಏನಾದರೂ ಇರಲಿ, ಕೊಡುವ ಚಿಕಿತ್ಸೆ ಒಂದು ಬಗೆಯದೇ: ಸ್ಟೆರಾಯಿಡ್ ಮಾತ್ರೆ. ಅದಕ್ಕೆ ಬಗ್ಗದಿದ್ದರೆ ಅದನ್ನೇ ಸೂಜಿಯಿಂದ ತಮಟೆಯ ಮೂಲಕ ನಡುಗಿವಿಗೆ ಕೊಡುತ್ತಾರೆ. ಮೊದಲ ಎರಡು ವಾರದೊಳಗೆ ಆರಂಭಿಸಬೇಕು, ಅದರಲ್ಲೂ ಬೇಗ ಆದಷ್ಟು ಲೇಸು. ನಾವು ಗಡುವು ಎಂದದ್ದು ಇದನ್ನೇ. ಕೆಲವರಿಗೆ ಏನೂ ಮಾಡದೆಯೂ ಕಿವಿ ಬರುತ್ತದೆ, ಕೆಲವರಿಗೆ ಎಲ್ಲ ಮಾಡಿದರೂ ಬರುವುದಿಲ್ಲ. ಆದರೆ ಗಡುವು ದಾಟಿದ ಮೇಲೆ ಮಾಡಲು ಬಹಳವೇನೂ ಉಳಿಯುವುದಿಲ್ಲ.

ಆ ಹುಡುಗನ ಕಥೆ ಕೇಳಿದ್ದ ಒಬ್ಬ ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಮಿಕರು, ಬೀದರಿನ ಕಡೆಯವರು, ನೆಗಡಿಯಾದ ವಾರದಲ್ಲಿ ಎಡಗಿವಿ ಮುಚ್ಚಿಕೊಂಡಿತೆಂದು ಮೂರನೆಯ ದಿನವೇ ಪಾಳಿ ಬಿಟ್ಟು ಆಸ್ಪತ್ರೆಗೆ ಹೋದರು. ಹತ್ತು ದಿನ ಮಾತ್ರೆ ನುಂಗಿದರು, ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಕೇಳತೊಡಗಿತು. ಒಬ್ಬರಿಗೆ ಬಂದದ್ದು ಎಲ್ಲರಿಗೂ ಬರುತ್ತದೆಂದು ನಾವು ಹೇಳುವುದಿಲ್ಲ. ಒಂದು ಎಚ್ಚರಿಕೆಯನ್ನೂ ಕೊಡಬೇಕು: ಸ್ಟೆರಾಯಿಡ್ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗುವ ಔಷಧಿಯೆಂದು ತಿಳಿಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ, ಬಿ.ಪಿ. ಏರುತ್ತದೆ; ಡಾಕ್ಟರು ನೋಡಿಯೇ ಕೊಡಬೇಕು. ಹಾಗೆಯೇ ಜ್ವರಕ್ಕೆಂದು ಗಲ್ಲಿಯಲ್ಲಿ ಚುಚ್ಚುವ ಇಂಜೆಕ್ಷನ್ನುಗಳಲ್ಲಿ ಜೆಂಟಾಮೈಸಿನ್, ಅಮಿಕಾಸಿನ್‌ನಂಥವು ಒಳಗಿವಿಗೇ ವಿಷವಾಗಬಲ್ಲವು. ಏನು ಚುಚ್ಚುತ್ತೀರಿ ಎಂದು ಕೇಳುವ ಹಕ್ಕು ನಮಗಿದೆ.

ಗುಗ್ಗೆಯೋ ನರವೋ ಎಂದು ಮನೆಯಲ್ಲೇ ಒಂದು ಅಂದಾಜು ಮಾಡುವ ಉಪಾಯವನ್ನು ಡಾಕ್ಟರೊಬ್ಬರು ನಮಗೆ ಕಲಿಸಿದ್ದಾರೆ. ಈಗ ಎಲ್ಲರೂ ಮಾಡಿ. ಒಂದು ಕಿವಿಗೆ ಬೆರಳಿಟ್ಟು ಮುಚ್ಚಿ. ಬಾಯಿ ಮುಚ್ಚಿ ‘ಹೂಂ’ ಎಂದು ಗುನುಗಿ. ಎಲ್ಲಿ ಜೋರಾಗಿ ಕೇಳುತ್ತದೆ? ಮುಚ್ಚಿದ ಕಿವಿಯಲ್ಲೇ ಅಲ್ಲವೇ? ಗುಗ್ಗೆ ಕಟ್ಟಿದಾಗಲೂ ಹೀಗೆಯೇ: ಮಂದವಾದ ಕಿವಿಯಲ್ಲೇ ಗುನುಗು ಜೋರು. ಆದರೆ ಒಳಗಿವಿ ಕೆಟ್ಟಿದ್ದರೆ ಗುನುಗು ಒಳ್ಳೆಯ ಕಿವಿಯ ಕಡೆಗೆ ಹೋಗುತ್ತದೆ. ಹಾಗೆ ಹೋಯಿತೆಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ಸ್ಪಷ್ಟವಾಗದಿದ್ದರೂ ಹೊರಡಿ, ಇದು ಅಂದಾಜು ಮಾತ್ರ.

ಎಲ್ಲಿಗೆ ಹೊರಡುವುದು? ಕೋಠಿಯ ಸರ್ಕಾರಿ ಇ.ಎನ್.ಟಿ. ಆಸ್ಪತ್ರೆ ಇದಕ್ಕೆಂದೇ ಇರುವಂಥದು. ಇ.ಎಸ್.ಐ. ಕಾರ್ಡಿದ್ದವರಿಗೆ ಸನತ್‌ನಗರದ ಇ.ಎಸ್.ಐ. ಆಸ್ಪತ್ರೆ ಹತ್ತಿರ. ಮಕ್ಕಳ ಕಿವಿ ಪರೀಕ್ಷೆ, ಮಾತು ಕಲಿಸುವುದು, ಶ್ರವಣಯಂತ್ರ ಇವಕ್ಕೆ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಶಾಖೆಯಿದೆ. ಊರಿಗೆ ಹೋದಾಗ ತೋರಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು; ಅಲ್ಲಿ ಕನ್ನಡದಲ್ಲೇ ಎಲ್ಲ ನಡೆಯುತ್ತದೆ.

ಮಿಲ್ಲು, ಕಾರ್ಖಾನೆಯವರು ಒಂದು ವಿಷಯ ಗಮನಿಸಬೇಕು. ನಿಮ್ಮ ಕಿವಿಗೆ ವೈರಸ್ಸಿಗಿಂತ ದೊಡ್ಡ ಶತ್ರು ಸದ್ದು. ಮಗ್ಗದ ಸದ್ದು, ಕಂಪ್ರೆಸರಿನ ಸದ್ದು, ಪುಡಿ ಮಾಡುವ ಯಂತ್ರದ ಸದ್ದು, ಇವೂ ಅದೇ ಕೂದಲುಕೋಶಗಳನ್ನೇ ಒಣಗಿಸುತ್ತವೆ. ಆದರೆ ರೀತಿ ಬೇರೆ. ಸದ್ದಿನ ಕಿವುಡು ಸಾಮಾನ್ಯವಾಗಿ ಎರಡು ಕಿವಿಗೂ, ವರ್ಷವರ್ಷ ನಿಧಾನವಾಗಿ ಬರುತ್ತದೆ. ಮೊದಲು ಕೀಚಲು ದನಿಗಳು ಹೋಗುತ್ತವೆ. ವೈರಸ್ಸಿನದು ಹೆಚ್ಚಾಗಿ ಒಂದೇ ಕಿವಿಗೆ, ಒಂದೆರಡು ದಿನದಲ್ಲಿ. ಈ ಭೇದ ಏಕೆ ಹೇಳುತ್ತೇವೆಂದರೆ, ಸದ್ದಿನ ಕಿವುಡು 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿತ್ತು, 2020ರ ಸಂಹಿತೆಯ ಪಟ್ಟಿಯಲ್ಲೂ ಇದೆ. ಅದಕ್ಕೆ ಪರಿಹಾರ ಕೇಳಬಹುದು. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವನಿಗೆ, “ನಿನಗೆ ಯಾವಾಗಲೋ ಜ್ವರ ಬಂದಿತ್ತಲ್ಲ, ಅದರಿಂದ ಕಿವಿ ಹೋಗಿದೆ” ಎಂದು ಹೇಳಿ ಕಳಿಸಲು ಕೆಲವು ಕಡೆ ಬಹಳ ಅನುಕೂಲ. ಆದ್ದರಿಂದ ಕೆಲಸಕ್ಕೆ ಸೇರುವಾಗಲೇ ಕಿವಿ ಪರೀಕ್ಷೆ ಮಾಡಿಸಿ, ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಭದ್ರವಾಗಿಡಿ. ಆಮೇಲೆ ವಾದ ಬಂದರೆ ಆ ಎರಡು ಗೆರೆಗಳೇ ಸಾಕ್ಷಿ.

ರಜೆಯ ಮಾತು. ಗದ್ದ ಊದಿದವನು ಊತ ಆರಂಭವಾದ ಮೇಲೆ ಐದು ದಿನವಾದರೂ ಬೇರೆಯಾಗಿರಬೇಕು; ಎಂಜಲಿನಿಂದ, ಕೆಮ್ಮು ಸೀನಿನಿಂದ ಹರಡುವ ಕಾಯಿಲೆ. ಅಟ್ಟದ ಮೇಲೆ ಎಂಟು ಜನರ ನಡುವೆ ಅವನು ಎಲ್ಲಿ ಬೇರೆಯಾಗಿರಬೇಕು? ಸಂಬಳವಿಲ್ಲದೆ ಹೇಗಿರಬೇಕು? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಹೋಟೆಲಿನವರನ್ನೂ ಇ.ಎಸ್.ಐ.ಗೆ ಸೇರಿಸಬೇಕು. 2019ರ ಜುಲೈಯಿಂದ ನಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರಿಂದ ಮೂರೂಕಾಲು ರೂಪಾಯಿ. ಅರ್ಧವರ್ಷದಲ್ಲಿ 78 ದಿನದ ಚಂದಾ ಕಟ್ಟಿದ್ದರೆ, ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಸಿಗುತ್ತದೆ. ನಮ್ಮ ಹೋಟೆಲುಗಳಲ್ಲಿ ಇಪ್ಪತ್ತು ಜನ ದುಡಿದು ರಿಜಿಸ್ಟರಿನಲ್ಲಿ ಏಳೇ ಹೆಸರು ಇರುವುದನ್ನು ನೀವೆಲ್ಲ ಬಲ್ಲಿರಿ. ಆ ಹದಿಮೂರು ಜನರ ಕಿವಿಯ ಲೆಕ್ಕ ಯಾರು ಕೊಡುತ್ತಾರೆ? ಈ ಪ್ರಶ್ನೆಯನ್ನು ಮುಂದಿನ ಮಾತುಕತೆಯಲ್ಲಿ ನಾವು ಇಟ್ಟೇ ಇಡುತ್ತೇವೆ.

ತಾಯಂದಿರೇ, ಈಗ ನಿಮ್ಮ ಹತ್ತಿರ ಮಾತು. ಕಿವಿ ಕೇಳದೆ ಹುಟ್ಟುವ ಮಕ್ಕಳಲ್ಲಿ ಕೆಲವರಿಗೆ ಗರ್ಭದಲ್ಲೇ ವೈರಸ್ಸು ಮುಟ್ಟಿರುತ್ತದೆ. ರುಬೆಲ್ಲಾ ಎಂಬ ಸಣ್ಣ ಜ್ವರ, ಮೈಮೇಲೆ ಎರಡು ದಿನ ಕೆಂಪು ಗುಳ್ಳೆ, ಅಷ್ಟೆ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಮಗುವಿನ ಕಣ್ಣು, ಹೃದಯ, ಕಿವಿ ಮೂರಕ್ಕೂ ಅಪಾಯ. ಆಸ್ಟ್ರೇಲಿಯಾದ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಎಂಬವರು 1941ರಲ್ಲಿ ಇದನ್ನು ಮೊದಲು ಲೋಕಕ್ಕೆ ತಿಳಿಸಿದರು. ಅಮೆರಿಕದಲ್ಲಿ 1964-65ರಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಹೀಗೆ ಊನವಾಗಿ ಹುಟ್ಟಿದವು, ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಕಿವುಡು. ಇನ್ನೊಂದು ವೈರಸ್ಸು ಸಿ.ಎಂ.ವಿ. ಅದು ಚಿಕ್ಕ ಮಕ್ಕಳ ಜೊಲ್ಲಿನಲ್ಲಿ, ಮೂತ್ರದಲ್ಲಿ ಇರುತ್ತದೆ, ಅದಕ್ಕೆ ಲಸಿಕೆಯಿಲ್ಲ. ಗರ್ಭಿಣಿಯರು ಹಿರಿಯ ಮಗುವಿನ ಎಂಜಲು ತಿನ್ನದಿರುವುದು, ಬಟ್ಟೆ ಬದಲಿಸಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಇಷ್ಟೇ ಉಪಾಯ.

ರುಬೆಲ್ಲಾಕ್ಕೆ ಲಸಿಕೆಯಿದೆ. ದಡಾರ, ಅಂದರೆ ಕಲಬುರ್ಗಿ ಕಡೆಯವರು ಗೊಬ್ಬರ ಎನ್ನುವುದು, ಅದೂ ರುಬೆಲ್ಲಾವೂ ಸೇರಿದ ಎಂ.ಆರ್. ಲಸಿಕೆಯನ್ನು ಸರ್ಕಾರ ಪುಕ್ಕಟೆ ಹಾಕುತ್ತದೆ: ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ. ಕರ್ನಾಟಕದಲ್ಲಿ ಇದರ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ನಡೆಯಿತು, ತೆಲಂಗಾಣದಲ್ಲಿ ಅದೇ ವರ್ಷ ಆಗಸ್ಟಿನಲ್ಲಿ. ಫೆಬ್ರವರಿಯಲ್ಲಿ ಇಲ್ಲಿದ್ದು ಆಗಸ್ಟಿನಲ್ಲಿ ಊರಿಗೆ ಹೋದ ಮನೆಗಳ ಮಕ್ಕಳು ಎರಡು ಕಡೆಯೂ ತಪ್ಪಿಸಿಕೊಂಡಿರಬಹುದು. ಆ ಹೆಣ್ಣುಮಕ್ಕಳು ಈಗ ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ. ಅಂಥವರು ಮದುವೆಗೆ ಮುಂಚೆಯೇ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬೇಕು, ಏಕೆಂದರೆ ಗರ್ಭ ನಿಂತ ಮೇಲೆ ಈ ಲಸಿಕೆ ಹಾಕುವುದಿಲ್ಲ. ಗದ್ದಬಾವಿನದು ಮಾತ್ರ ಆ ಪುಕ್ಕಟೆ ಲಸಿಕೆಯಲ್ಲಿ ಸೇರಲಿಲ್ಲ. ಮೂರೂ ಸೇರಿದ ಎಂ.ಎಂ.ಆರ್. ಅನ್ನು ಖಾಸಗಿ ಡಾಕ್ಟರಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಬಡವರ ಮಗುವಿನ ಕಿವಿ ಅಷ್ಟು ಅಗ್ಗವೇ ಎಂದು ನಾವು ಸರ್ಕಾರವನ್ನು ಕೇಳುವವರೇ. ಕೇಳುವ ತನಕ ಕೈಯಲ್ಲಾದವರು ಹಾಕಿಸಿ.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲೇ ಸೇರುತ್ತೇವೆ. ಮಕ್ಕಳ ಲಸಿಕೆಯ ಕಾರ್ಡು, ಊರಿನಿಂದ ತಂದ ತಾಯಿ ಕಾರ್ಡು, ಇಲ್ಲಿಯ ಅಂಗನವಾಡಿಯಲ್ಲಿ ಕೊಟ್ಟದ್ದು, ಯಾವುದಿದ್ದರೂ ತನ್ನಿ. ಕನ್ನಡ, ತೆಲುಗು ಎರಡೂ ಓದಬಲ್ಲ ಇಬ್ಬರು ಹುಡುಗಿಯರು ಕೂತು ಯಾವ ಡೋಸು ತಪ್ಪಿದೆಯೆಂದು ಪಟ್ಟಿ ಮಾಡಿಕೊಡುತ್ತಾರೆ. ಆ ಪಟ್ಟಿ ಹಿಡಿದು ಬಸ್ತಿ ದವಾಖಾನಕ್ಕೆ ಹೋದರಾಯಿತು. ಕಾರ್ಡು ಕಳೆದುಕೊಂಡವರೂ ಬನ್ನಿ. ರಾತ್ರಿ ಪಾಳಿಯವರು ನಿದ್ದೆ ಬಿಟ್ಟು ಬರುವುದು ಬೇಡ, ಕಾರ್ಡನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದರೂ ಸಾಕು. ಕಾರ್ಯದರ್ಶಿಗಳು ಎದ್ದು ನಿಂತಿದ್ದಾರೆ, ಇನ್ನು ಬೋನಸ್ಸು ಕೇಳಿ.